ಹೊಸಿಲು ದಾಟಿದ ಹುಳು

ಕಾಳಮ್ಮನದೊಡ್ಡಿ, ಚನ್ನಪಟ್ಟಣ ತಾಲ್ಲೂಕು
14 ಜೂನ್ 1997

ಪ್ರೀತಿಯ ವರಲಕ್ಷ್ಮಿ,

ಮೂರು ವರ್ಷ ಒಂದು ಕಾರ್ಡೂ ಹಾಕದವಳು ಈಗ ಇನ್‌ಲ್ಯಾಂಡ್ ಲೆಟರು ತುಂಬ ಬರೆದಿದ್ದಾಳಲ್ಲ, ಇವಳಿಗೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಅಂದುಕೊಂಡರೆ ಸರಿಯಾಗಿಯೇ ಅಂದುಕೊಂಡೆ. ಕೆಲಸವೇ ಬಿದ್ದಿದೆ. ನಾಲ್ಕು, ಐದನೇ ತರಗತಿಯ ಮಕ್ಕಳು ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯುವಂಥ ಹೊಸ ಪುಸ್ತಕ ಬರುತ್ತದಂತೆ, ಅದನ್ನು ಬರೆಯುವ ಬೆಂಗಳೂರಿನ ಸಮಿತಿಗೆ ನಿನ್ನನ್ನು ಹಾಕಿಕೊಂಡಿದ್ದಾರಂತೆ. ನಮ್ಮ ಹೆಡ್ಮಾಸ್ಟರು ಹನುಮಂತಯ್ಯನವರು ಹೇಳಿದರು. ರಾಮನಗರದ ಟಿ.ಸಿ.ಎಚ್. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವಳು ಈಗ ಪುಸ್ತಕ ಬರೆಯುತ್ತಾಳೆ ಎಂದು ಇಡೀ ಸ್ಟಾಫ್ ರೂಮಿಗೆ ಸಾರಿಬಿಟ್ಟೆ. ಸ್ಟಾಫ್ ರೂಮೆಂದರೆ ನಾನು, ಅವರು, ಒಂದು ಕಬ್ಬಿಣದ ಬೀರು.

ಆ ಬೀರುವಿನ ವಿಷಯ ಹೇಳಲೇಬೇಕು. ಹೋದ ವರ್ಷದ ಹಿಂದಿನ ವರ್ಷ ಸರ್ಕಾರದಿಂದ ವಿಜ್ಞಾನದ ಪೆಟ್ಟಿಗೆ ಬಂತು. ಅಯಸ್ಕಾಂತ, ಭೂತಗನ್ನಡಿ, ಗಾಜಿನ ನಳಿಗೆ, ಪುಟ್ಟ ತಕ್ಕಡಿ ಎಲ್ಲ ಇದೆ. ಬಂದ ದಿನವೇ ಬೀರುವಿನೊಳಗೆ ಹೋಯಿತು. ಕೇಳಿದರೆ, "ಒಡುದ್ರೆ ಆಡಿಟ್ಟಿಗೆ ಉತ್ರ ಕೊಡೋನು ನಾನು ಕಣಮ್ಮ, ನೀನಲ್ಲ" ಅನ್ನುತ್ತಾರೆ. ಆಗಸ್ಟ್ ಹದಿನೈದಕ್ಕೆ ಹೊರಗೆ ತೆಗೆದು, ಧೂಳು ಒರೆಸಿ, ಮೇಜಿನ ಮೇಲೆ ಜೋಡಿಸಿ, ಬಾವುಟ ಇಳಿಸುವ ಹೊತ್ತಿಗೆ ಮತ್ತೆ ಒಳಗಿಟ್ಟು ಬೀಗ ಹಾಕುತ್ತಾರೆ. ಮಕ್ಕಳು ಅಯಸ್ಕಾಂತಕ್ಕೂ ಕೈ ಮುಗಿದುಬಿಟ್ಟಾರು ಎಂದು ನನಗೆ ಹೆದರಿಕೆ. ಕೆಟ್ಟ ಮನುಷ್ಯರಲ್ಲ. ಮಾಗಡಿ ಕಡೆಯವರು, ರಾಗಿ ಹೊಲ ಮಾಡಿಕೊಂಡು ಬಂದವರು, ಅಚ್ಚಾದ ಕಾಗದ ಏನು ಹೇಳುತ್ತದೋ ಅದನ್ನು ಮೀರುವವರಲ್ಲ, ಅಷ್ಟೇ.

ಪೆಟ್ಟಿಗೆ ಸಿಗದಿದ್ದರೆ ಹೋಗಲಿ ಎಂದು ನಾನು ಬೇರೆ ದಾರಿ ಹಿಡಿದೆ. ಚನ್ನಪಟ್ಟಣದಲ್ಲಿ ಬಸ್ಸು ಹತ್ತುವ ಕಡೆ ಗೊಂಬೆ ಕಡೆಯುವ ಸನಾವುಲ್ಲಾ ಸಾಬರ ಅಂಗಡಿ ಇದೆಯಲ್ಲ, ಅಲ್ಲಿ ತೂತು ಓರೆಯಾದ ಗಾಲಿ, ತಿರುಗದ ಬುಗುರಿ ಇಂಥವನ್ನೆಲ್ಲ ಅವರು ಒಂದು ಚೀಲಕ್ಕೆ ಹಾಕಿಟ್ಟು ನನಗೆ ಕೊಡುತ್ತಾರೆ. ಗಾಲಿಯಲ್ಲಿ ರಾಟೆ ಮಾಡಿ ಹುಣಸೆ ಮರಕ್ಕೆ ಕಟ್ಟಿ ಬಕೆಟ್ಟು ಎಳೆದೆವು. ಇನ್ನು ಬುಗುರಿ. ನೆಟ್ಟಗೆ ತಿರುಗುವ ಬುಗುರಿಗಿಂತ ತಿರುಗದ ಬುಗುರಿಯೇ ಪಾಠಕ್ಕೆ ಒಳ್ಳೆಯದು ಕಣೇ. ಅದು ಯಾಕೆ ತಿರುಗುವುದಿಲ್ಲ ಎಂದು ಮಕ್ಕಳು ತಲೆ ಕೆಡಿಸಿಕೊಂಡವು. ಪುಟ್ಟತಾಯಿ ಎಂದು ನಾಲ್ಕನೇ ತರಗತಿಯವಳು, ಇದೇ ಊರಿನಲ್ಲಿ ರೇಷ್ಮೆಹುಳು ಸಾಕುವ ಬೈರಮ್ಮನ ಮಗಳು, ಬುಗುರಿಗೆ ದಾರ ಕಟ್ಟಿ ತೂಗಾಡಿಸಿ ನೋಡಿ, "ಇದ್ರ ಒಟ್ಟೆ ಒಂದ್ ಕಡೀಕೆ ದಪ್ಪ ಐತೆ ಮಿಸ್ಸೇ, ಅದ್ಕೇ ಕುಡ್ದೋರಂಗೆ ಓಲಾಡ್ತದೆ" ಅಂದಳು. ಆವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಆದರೆ ಇದೆಲ್ಲ ಶನಿವಾರ ಬೆಲ್ಲು ಹೊಡೆದ ಮೇಲೆ, ಹಿಂದಿನ ಜಗಲಿಯಲ್ಲಿ, ಕದ್ದುಮುಚ್ಚಿ. ಇನ್‌ಸ್ಪೆಕ್ಟರು ಒಂದು ಸಲ ನೋಡಿ, ಪಾಠ ಬಿಟ್ಟು ಆಟ ಆಡಿಸುತ್ತೀರಾ ಎಂದು ಗದರಿ ಹೋದರು. ನನಗೆ ಬೇಕಾದದ್ದು ಒಂದೇ: ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡು. ಕನ್ನಡ, ಗಣಿತದ ಪಕ್ಕದಲ್ಲಿ ಅಚ್ಚಾಗಿ ಬರಬೇಕು. ಅಚ್ಚಾದದ್ದನ್ನು ಯಾರೂ ಆಟ ಅನ್ನುವುದಿಲ್ಲ. ನೀನು ಅಲ್ಲಿ ಕೂತಿದ್ದೀಯ, ನನಗಾಗಿ ಕೇಳು.

ನಿನ್ನ
ಮಾಯಮ್ಮ


ಕನಕಪುರ
3 ಜುಲೈ 1997

ಪ್ರೀತಿಯ ಮಾಯಿ,

ಬೈಗುಳವಿಲ್ಲದ ನಿನ್ನ ಕಾಗದ ಇದೇ ಮೊದಲು. ಅದಕ್ಕೇ ಎರಡು ಸಲ ಓದಿದೆ. ಮೂರು ವರ್ಷ ನಾನೂ ಬರೆಯಲಿಲ್ಲ, ಲೆಕ್ಕ ಸಮವಾಯಿತು.

ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಸಮಿತಿಯಲ್ಲಿ ಹಳ್ಳಿ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವಳು ನಾನೊಬ್ಬಳೇ. ಉಳಿದವರೆಲ್ಲ ದೊಡ್ಡ ದೊಡ್ಡ ಓದು ಓದಿದವರು. ಮೊದಲ ದಿನ ಒಬ್ಬರು ನನ್ನ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಆಮೇಲೆ ಕನಕಪುರದಲ್ಲಿ ಯಾವ ಬೀದಿ ಎಂದು ಕೇಳಿದರು. ಹೇಳಿದೆ. ಮತ್ತೇನೂ ಕೇಳಲಿಲ್ಲ. ಟೀ ಬಂದಾಗ ಎಲ್ಲರಿಗೂ ಒಂದೇ ಥರದ ಕಪ್ಪು ಇತ್ತು ಎಂಬುದನ್ನು ನಾನು ನೋಡಿಕೊಂಡೆ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ಪೀರಿಯಡ್ಡಿನ ಮಾತು ಎತ್ತಿದ್ದೇನೆ. ಇಲ್ಲವೆಂದಿಲ್ಲ. ಆಯಾ ಊರಿನ ಕಸುಬಿನಿಂದಲೇ ಒಂದೊಂದು ಪಾಠ ಬರಲಿ ಎಂಬುದು ನನ್ನ ಸೂಚನೆ, ಅದಕ್ಕೆ ಒಪ್ಪಿದ್ದಾರೆ. ನಮ್ಮ ಕಡೆಯಿಂದ ರೇಷ್ಮೆಹುಳು ಇರಲಿ. ನಿನಗಿಂತ ಚೆನ್ನಾಗಿ ಬರೆಯುವವರು ನನಗೆ ಗೊತ್ತಿಲ್ಲ. ಬರೆದು ಕಳಿಸು. ಪಾಠದ ಕೆಳಗೆ ನಿನ್ನ ಹೆಸರು, ಶಾಲೆಯ ಹೆಸರು ಹಾಕಿಸುತ್ತೇನೆ.

ಪ್ರೀತಿಯಿಂದ
ವರಲಕ್ಷ್ಮಿ


ಕಾಳಮ್ಮನದೊಡ್ಡಿ
24 ಆಗಸ್ಟ್ 1997

ಪ್ರೀತಿಯ ವರಲಕ್ಷ್ಮಿ,

ಪಾಠ ಇದರ ಜೊತೆಗಿದೆ. ಮಕ್ಕಳ ಮೇಲೆ ಮಾಡಿ ನೋಡಿಯೇ ಬರೆದಿದ್ದೇನೆ, ಕೂತಲ್ಲಿ ಕಥೆ ಕಟ್ಟಿಲ್ಲ. ಪ್ರತಿ ಮಗುವೂ ಮನೆಯಿಂದ ನಾಲ್ಕಾರು ಹುಳು ತಂದು ತನ್ನದೇ ಪುಟ್ಟ ಬುಟ್ಟಿಯಲ್ಲಿ ಸಾಕಬೇಕು. ದಿನಾ ದಾರದಲ್ಲಿ ಉದ್ದ ಅಳೆಯಬೇಕು, ತಿನ್ನುವ ಸೊಪ್ಪನ್ನು ತೂಗಬೇಕು, ಆ ದಾರದ ತುಂಡುಗಳನ್ನು ಗೋಡೆಗೆ ಸಾಲಾಗಿ ಅಂಟಿಸಬೇಕು. ಹುಳು ಹೇಗೆ ಬೆಳೆಯಿತು ಎಂಬುದು ಗೋಡೆಯ ಮೇಲೆ ತಾನಾಗಿ ಕಾಣುತ್ತದೆ. ಅಳತೆ, ತೂಕ, ಭಾಗಾಕಾರ, ನಕ್ಷೆ, ಎಲ್ಲ ಬಂತಲ್ಲ.

ಎರಡು ಸಾಲಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದೇನೆ, ನೋಡು. ಒಬ್ಬರ ಹುಳು ಇನ್ನೊಬ್ಬರ ಬುಟ್ಟಿಗೆ ಬೀಳಬಾರದು, ಇದು ಒಂದು. ಮನೆಯ ಹೊಸಿಲು ದಾಟಿ ಹೊರಗೆ ಬಂದ ಹುಳು ಮತ್ತೆ ಒಳಗೆ ಹೋಗಕೂಡದು, ಹುಳು ಮುಟ್ಟಿದ ಮಗು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈ ತೊಳೆದೇ ಮನೆಗೆ ಹೋಗಬೇಕು, ಇದು ಎರಡು. ಹಾಲುತೊಂಡೆ ರೋಗ ಗೊತ್ತಲ್ಲ. ಹುಳು ಊದಿಕೊಂಡು ಮೈ ಒಡೆದು ಹಾಲಿನಂಥ ನೀರು ಸೋರುತ್ತದೆ. ಅದು ತಾಕಿದ ಕೈ ಇನ್ನೊಂದು ತಟ್ಟೆಗೆ ತಾಕಿದರೆ ಆ ಮನೆಯ ಬೆಳೆಯೂ ಹೋಯಿತು. ನಮ್ಮ ಕಡೆ ಹುಳುಮನೆಗೆ ನೆಂಟರನ್ನೂ ಬಿಡುವುದಿಲ್ಲ. ನಿನಗೇ ನೆನಪಿರಬೇಕು, ಹೊಂಗನೂರಿಗೆ ನಮ್ಮ ಮನೆಗೆ ಬಂದಿದ್ದಾಗ ಅಮ್ಮ ನಿನ್ನನ್ನು ಇಡೀ ದಿನ ಜಗಲಿಯಲ್ಲೇ ಕೂರಿಸಿದ್ದಳಲ್ಲ. ನಿನ್ನ ಮುಖ ಸುಟ್ಟ ಬದನೆಕಾಯಿ ಆಗಿತ್ತು, ಈಗ ನೆನೆದರೂ ನಗು ಬರುತ್ತದೆ.

ಬೈರಮ್ಮ ಮಾತ್ರ ನನ್ನನ್ನು ಹುಳುಮನೆಯೊಳಕ್ಕೆ ಬಿಡುತ್ತಾಳೆ. ಕೈಕಾಲು ತೊಳೆಸಿ, ಹೂವು ತೆಗೆಸಿ ಬಿಡುತ್ತಾಳೆ. "ನೀವೂ ಹುಳದ್ ಮನೇಲೇ ಉಟ್ದೋರು, ನಿಮ್ಗೇನು ಏಳ್ಕೊಡೋದು" ಅನ್ನುತ್ತಾಳೆ. ಈ ಊರಿನಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ.

ನಿನ್ನ
ಮಾಯಮ್ಮ


ಕಾಳಮ್ಮನದೊಡ್ಡಿ
9 ಡಿಸೆಂಬರ್ 1997

ವರಲಕ್ಷ್ಮಿ,

ಪುಸ್ತಕ ಬಂತು. ಹೊಟ್ಟೆ ಉರಿದುಹೋಯಿತು.

ಪಾಠದ ಕೆಳಗೆ ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಪಾಠ ಮಾತ್ರ ನನ್ನದಲ್ಲ. ಬುಟ್ಟಿ ಹೋಯಿತು, "ತರಗತಿಯ ಹುಳುಗಳನ್ನೆಲ್ಲ ಒಂದೇ ತಟ್ಟೆಯಲ್ಲಿಟ್ಟು ಗಮನಿಸಿ" ಎಂದಿದೆ. ಕೈ ತೊಳೆಯುವುದು ಹೋಯಿತು. ಹೊಸಿಲಿನ ಸಾಲು ಹೋಯಿತು. ಅದರ ಜಾಗದಲ್ಲಿ "ಚಟುವಟಿಕೆ ಮುಗಿದ ಬಳಿಕ ಜೀವಿಗಳಿಗೆ ನೋವಾಗದಂತೆ ಅವನ್ನು ತಂದ ಜಾಗಕ್ಕೇ ಮರಳಿ ಬಿಡಿ" ಎಂದು ಬಂದಿದೆ. ಯಾರು ತಾಯಿ ಈ ದಯಾಮಯಿ? ಶಾಲೆಯ ಹುಳುವನ್ನು ಮನೆಯ ತಟ್ಟೆಗೆ ಬಿಡುವುದೂ ಒಂದೇ, ಬೆಂಕಿಕಡ್ಡಿ ಗೀರಿ ಹುಲ್ಲಿನ ಮೆದೆಗೆ ಎಸೆಯುವುದೂ ಒಂದೇ.

ನಿನಗೆ ಗೊತ್ತಿಲ್ಲದೆ ಆಗಿದ್ದರೆ ತಕ್ಷಣ ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ ಎಲ್ಲ ಶಾಲೆಗೂ ಕಳಿಸು. ಗೊತ್ತಿದ್ದೇ ಆಗಿದ್ದರೆ ಯಾಕೆಂದು ಬರೆ.

ಮಾಯಮ್ಮ


ಕನಕಪುರ
18 ಡಿಸೆಂಬರ್ 1997

ಪ್ರೀತಿಯ ಮಾಯಿ,

ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು. ಮಕ್ಕಳ ಕೈಗೆ ಬ್ಲೀಚಿಂಗ್ ಪೌಡರು ಕೊಡಬಾರದು ಎಂದು ಒಬ್ಬರು ಹಟ ಹಿಡಿದರು. ಅಷ್ಟು ಬುಟ್ಟಿಗೆ ಶಾಲೆಗಳು ಎಲ್ಲಿಗೆ ಹೋಗಬೇಕು ಎಂದರು ಇನ್ನೊಬ್ಬರು. ನೋವಾಗದಂತೆ ಮರಳಿ ಬಿಡಿ ಎಂಬ ಮಾತು ಕಪ್ಪೆ, ಎರೆಹುಳು, ಇರುವೆ ಎಲ್ಲ ಪಾಠಕ್ಕೂ ಸೇರಿಸಿದ್ದು, ಇದಕ್ಕೂ ಸೇರಿತು. ಹೊಸಿಲಿನ ಸಾಲನ್ನು ಮಾತ್ರ ತೆಗೆಸಿದವಳು ನಾನು. ಹೊರಗಿನದು ಒಳಗೆ ಬರಕೂಡದು, ಮುಟ್ಟಿದವರು ತೊಳೆದುಕೊಂಡು ಬರಬೇಕು ಎಂಬ ಮಾತು ಸರ್ಕಾರದ ಪುಸ್ತಕದಲ್ಲಿ ನನ್ನ ಕೈಯಿಂದ ಬರುವುದು ಬೇಡ ಅನ್ನಿಸಿತು. ಯಾಕೆಂದು ಇನ್ನೊಮ್ಮೆ ಹೇಳುತ್ತೇನೆ.

ಈಗ ನಿನಗೆ ಬೇಕಾದ ಸುದ್ದಿ. ಜನವರಿಯಿಂದ ಮೂವತ್ತು ಶಾಲೆಗಳಲ್ಲಿ ವಾರಕ್ಕೊಂದು ಪೀರಿಯಡ್ಡು ಮಂಜೂರಾಗಿದೆ. ವೇಳಾಪಟ್ಟಿಯಲ್ಲಿ ಅಚ್ಚಾಗಿ ಬರುತ್ತದೆ. ನಿನ್ನ ಶಾಲೆ ಮೊದಲನೆಯದು. ಇದು ಬೇಡವೆನ್ನುವವರು ಸಮಿತಿಯಲ್ಲೇ ಇದ್ದಾರೆ. ಈಗ ತಪ್ಪೊಪ್ಪಿನ ಚೀಟಿ ಕಳಿಸಿದರೆ, ಮೊದಲ ಪುಸ್ತಕದಲ್ಲೇ ಎಡವಿದರು ಎಂದು ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಜೂನಿನ ಎರಡನೇ ಮುದ್ರಣದಲ್ಲಿ ನಾನೇ ತಿದ್ದಿಸುತ್ತೇನೆ. ಅಲ್ಲಿಯವರೆಗೆ ಬಾಯಲ್ಲಿ ಹೇಳು. ಮಾಗಡಿಯಲ್ಲಿ ಶಿಕ್ಷಕರಿಗೆ ತರಬೇತಿ ಇದೆ, ಕಲಿಸಲು ನಿನ್ನನ್ನೇ ಕರೆಸುತ್ತೇನೆ. ಪೀರಿಯಡ್ಡು ಬೇಕೋ, ಚೀಟಿ ಬೇಕೋ, ನೀನೇ ಹೇಳು.

ವರಲಕ್ಷ್ಮಿ


ಮಾಗಡಿ
21 ಜನವರಿ 1998

ಪ್ರೀತಿಯ ವರಲಕ್ಷ್ಮಿ,

ನಿನ್ನ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ. ಬಂದು ತರಬೇತಿಯಲ್ಲಿ ನಿಂತಿದ್ದೇನೆ ಅಂದರೆ ಉತ್ತರ ನಿನಗೆ ತಿಳಿದಂತೆಯೇ.

ಇಲ್ಲಿ ಒಳ್ಳೆಯ ಗದ್ದಲ. ಬೆಳಿಗ್ಗೆ ಎದ್ದರೆ ಎದುರಿಗೆ ಸಾವನದುರ್ಗ, ಕೆಳಗೆ ಮೂವತ್ತು ಶಾಲೆಯ ಮೇಷ್ಟ್ರುಗಳು ನೆಲದ ಮೇಲೆ ಕೂತು ಬುಗುರಿ ಆಡುತ್ತಿದ್ದಾರೆ. ರಿಟೈರಾಗಲು ಒಂದೇ ವರ್ಷ ಉಳಿದವರೂ "ಲೇ, ನಂದು ಇನ್ನೂ ತಿರುಗ್ತಾ ಐತೆ ಕಣ್ಲಾ" ಎಂದು ಕೂಗುತ್ತಾರೆ. ಇವರೆಲ್ಲ ಮಕ್ಕಳಾಗಿದ್ದಾಗ ಇವರಿಗೆ ಯಾರೂ ಏನನ್ನೂ ಮುಟ್ಟಲು ಕೊಟ್ಟಿರಲಿಲ್ಲವಲ್ಲ ಎಂದು ಪಾಪ ಅನ್ನಿಸಿತು. ಹುಳುವಿನ ಪಾಠ ಬಂದಾಗ ಒಂದೇ ತಟ್ಟೆ, ಮರಳಿ ಬಿಡಿ ಎಂಬ ಆ ಎರಡು ಸಾಲನ್ನು ಪೆನ್ನಿನಲ್ಲಿ ಗೀಟು ಹಾಕಿ ಹೊಡೆದು, ನಾನು ಹೇಳಿದಂತೆ ಪಕ್ಕದಲ್ಲಿ ಬರೆದುಕೊಳ್ಳಿ ಎಂದೆ. ಹಾಕಿಕೊಂಡರು. ಒಬ್ಬರು ಮಾತ್ರ, ಗೀಟು ಹಾಕಲು ಸರ್ಕ್ಯುಲರು ಬಂದಿದೆಯೇ ಎಂದು ಕೇಳಿದರು.

ನಮ್ಮ ಶಾಲೆಯ ಪೀರಿಯಡ್ಡನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಹೇಳು ನೋಡೋಣ. ಹನುಮಂತಯ್ಯನವರು. ವೇಳಾಪಟ್ಟಿ ಅಚ್ಚಾಗಿ ಬಂದ ದಿನವೇ ಬೀರುವಿನ ಬೀಗ ತೆಗೆದರು. ನಾನು ಕಣ್ಣಾರೆ ನೋಡಿದೆ. ಭೂತಗನ್ನಡಿ ಪುಟ್ಟತಾಯಿಯ ಕೈಗೆ ಕೊಟ್ಟು, "ನೋಡವ್ವ, ಉಷಾರು" ಅಂದರು. ನಾನು ಹೊರಟಾಗ, "ನೀನೋಗ್ಬಾರಮ್ಮ, ಪುಸ್ತಕ ಐತಲ್ಲ, ಒಂದಕ್ಷರ ತಪ್ಪದಂಗೆ ಮಾಡುಸ್ತೀನಿ" ಎಂದು ಕಳಿಸಿಕೊಟ್ಟರು. ನಮ್ಮ ಶಾಲೆಯ ಪುಸ್ತಕಗಳಿಗೆ ನಾನು ಗೀಟು ಹಾಕಲಿಲ್ಲ. ಹುಳುವಿನ ಪಾಠ ನಾನು ಬಂದ ಮೇಲೆ ತಾನೆ. ಅಲ್ಲದೆ ನಮ್ಮ ಮಕ್ಕಳು ಹುಳುಮನೆಯಲ್ಲೇ ಕಣ್ಣು ಬಿಟ್ಟವು. ಅವಕ್ಕೆ ಇದನ್ನು ಹೇಳಿಕೊಡಬೇಕೇ.

ನಿನ್ನ
ಮಾಯಮ್ಮ


ಕಾಳಮ್ಮನದೊಡ್ಡಿ
23 ಫೆಬ್ರವರಿ 1998

ವರಲಕ್ಷ್ಮಿ,

ನಮ್ಮೂರಿನಲ್ಲಿ ಹುಳು ಹೋಯಿತು. ಒಂದು ಮನೆಯದಲ್ಲ, ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳೆಲ್ಲದರದ್ದೂ.

ನಾನು ಮಾಗಡಿಯಲ್ಲಿದ್ದಾಗ ಹನುಮಂತಯ್ಯನವರು ಮೊದಲಿನ ಪಾಠಗಳನ್ನೆಲ್ಲ ಬೇಗ ಮುಗಿಸಿ ಹುಳುವಿನ ಪಾಠಕ್ಕೆ ಬಂದುಬಿಟ್ಟಿದ್ದರು. ಆಯಮ್ಮ ಬರುವಷ್ಟರಲ್ಲಿ ಮುಗಿಸಿ ಸಂತೋಷಪಡಿಸೋಣ ಎಂದುಕೊಂಡರಂತೆ. ಪುಸ್ತಕದಲ್ಲಿ ಇದ್ದ ಹಾಗೆ ಎಲ್ಲರ ಹುಳುವನ್ನೂ ಒಂದೇ ತಟ್ಟೆಗೆ ಹಾಕಿಸಿದರು. ಪುಸ್ತಕದಲ್ಲಿ ಇದ್ದ ಹಾಗೆ ಜೋಪಾನವಾಗಿ ಹಂಚಿ ಮನೆಗೆ ಕಳಿಸಿದರು. ಯಾರ ಮನೆಯ ಹುಳುವಿನಲ್ಲಿ ರೋಗ ಮೊದಲಿತ್ತೋ ಈಗ ಯಾರು ಹೇಳಬೇಕು.

ನಾನು ಬರುವ ಹೊತ್ತಿಗೆ ಹುಳು ಕೊನೆಯ ಸಲ ಪೊರೆ ಬಿಡುವ ಜ್ವರದಿಂದ ಎದ್ದು, ಹೊತ್ತೊತ್ತಿಗೂ ಸೊಪ್ಪು ಸುರಿಯುವ ಕಾಲ. ಬೈರಮ್ಮ ಸೊಪ್ಪು ಹಾಕಿದರೆ ತಿನ್ನದೆ ತಟ್ಟೆಯ ಅಂಚಿಗೆ ಹತ್ತಿ ಹತ್ತಿ ಬಿದ್ದವಂತೆ, ಬಿದ್ದಲ್ಲೇ ಒಡೆದು ಹಾಲು ಸೋರಿತಂತೆ. ಹುಳು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟಿಗಳನ್ನು ಬಿಸಿಲಿಗೆ ಹಾಕಿ ಒಣಗಿಸಿಟ್ಟಿದ್ದರು. ಅವು ಹಾಗೇ ಗೋಡೆಗೆ ಒರಗಿವೆ. ನಾನು ಹೋದಾಗ ಅವಳ ಗಂಡ ದೊಡ್ಡಮುನಿಯಪ್ಪ ಹಿತ್ತಿಲಲ್ಲಿ ಗುಂಡಿ ತೋಡಿ, ಮಂಕರಿಯಲ್ಲಿ ತಂದು ತಂದು ಹುಳು ಸುರಿದು ಸುಣ್ಣ ಎರಚುತ್ತಿದ್ದ. ನಾನು ಒಳಗೆ ಹೋಗಲು ಕಾಲು ತೊಳೆಯತೊಡಗಿದೆ. ಬೈರಮ್ಮ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದಳು.

"ಅಲ್ಲೇ ನಿಂತ್ಕಳಿ ಮಿಸ್ಸೇ. ಒಳೀಕೆ ಬರಬ್ಯಾಡಿ."

"ಬೈರಮ್ಮ, ನಾನು ಊರಲ್ಲಿರಲಿಲ್ಲ," ಅಂದೆ.

"ನಿಮ್ಮೆಸ್ರು ಇತ್ತಂತಲ್ಲ ಬುಕ್ಕಲ್ಲಿ."

ದೊಡ್ಡಮುನಿಯಪ್ಪ ಗುಂಡಿಯ ಹತ್ತಿರದಿಂದಲೇ, ತಲೆ ಎತ್ತದೆ ಹೇಳಿದ: "ನಾಕಕ್ಸರ ಕಲೀಲಿ ಅಂತ ಇಸ್ಕೂಲಿಗ್ ಕಳುಸ್ದೋ ಕಣವ್ವ. ಹುಳ ಸಾಕದ ಕಲ್ಸಿ ಅಂತ ನಾವೇನಾರ ಬಂದು ಕೇಳಿದ್ವಾ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 

ಪುಟ್ಟತಾಯಿ ಕೊಟ್ಟಿಗೆಯ ಮೂಲೆಯಲ್ಲಿ ಕೂತಿದ್ದಳು. ಅವ್ವ ಸೊಪ್ಪಿಗೆ ಹೋಗಿದ್ದಾಗ ಶಾಲೆಯಿಂದ ತಂದ ಹುಳುಗಳನ್ನು ಮನೆಯ ತಟ್ಟೆಗೆ ಬಿಟ್ಟವಳು ಅವಳೇ. ನಿನಗೆ ಗೊತ್ತಿರಲಿಲ್ಲವೇನೇ, ನಿಮ್ಮವ್ವ ದಿನಾ ಹೇಳುತ್ತಿರಲಿಲ್ಲವೇನೇ ಎಂದು ಕೇಳಿಬಿಟ್ಟೆ. "ಗೊತ್ತಿತ್ತು ಮಿಸ್ಸೇ. ಮೇಷ್ಟ್ರುಗೂ ಏಳ್ದೆ. ಬುಕ್ ತಗ್ದು ತೋರುಸಿದ್ರು. ಅವ್ವ ಬರೀ ಬಾಯಲ್ ಏಳ್ತಾಳೆ, ಇದು ಬುಕ್ಕಲ್ ಐತಲ್ಲ" ಅಂದಳು. ತಿರುಗದ ಬುಗುರಿಯನ್ನು ತೂಗಿ ನೋಡಿದ ಹುಡುಗಿ ಕಣೇ ಅದು. ಕಣ್ಣಾರೆ ನೋಡದೆ ಯಾವುದನ್ನೂ ನಂಬಬೇಡಿ ಎಂದು ಅವಳಿಗೆ ನಾನು ವರ್ಷವಿಡೀ ಹೇಳಿದ್ದೆ. ಆಮೇಲೆ ಅಚ್ಚಾದ ಪುಸ್ತಕ ತಂದು ಕೈಗಿಟ್ಟೆವು.

ನನ್ನ ಪಾಲು ನನಗೆ ಗೊತ್ತಿದೆ. ಚೀಟಿ ಬೇಕೋ ಪೀರಿಯಡ್ಡು ಬೇಕೋ ಎಂದು ನೀನು ಕೇಳಿದಾಗ ನಾನು ಪೀರಿಯಡ್ಡು ತೆಗೆದುಕೊಂಡೆ. ಈಗ ಒಂದೇ ಒಂದು ಕೆಲಸ ಮಾಡು. ಆ ಸಾಲುಗಳನ್ನು ಬದಲಿಸಿದ್ದು ಸಮಿತಿ, ಮೇಷ್ಟ್ರದ್ದೂ ಮಕ್ಕಳದ್ದೂ ತಪ್ಪಿಲ್ಲ ಎಂದು ಇಲಾಖೆಗೆ ಬರೆದುಕೊಡು. ಇಲ್ಲದಿದ್ದರೆ ಹನುಮಂತಯ್ಯನವರ ತಲೆ ಹೋಗುತ್ತದೆ, ಜೊತೆಗೆ ಪೀರಿಯಡ್ಡೂ ಹೋಗುತ್ತದೆ. ಮಕ್ಕಳು ಕೈಯಿಂದ ಮಾಡಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ.

ಮಾಯಮ್ಮ


ಕನಕಪುರ
16 ಮಾರ್ಚ್ 1998

ಮಾಯಿ,

ನಿನ್ನ ಕಾಗದ ಓದಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೂ ನೀನು ಕೇಳಿದ್ದನ್ನು ಬರೆದುಕೊಡಲು ನನ್ನಿಂದ ಆಗುವುದಿಲ್ಲ. ತನಿಖೆ ಶುರುವಾಗಿದೆ. ಸಮಿತಿ ಎಂದು ನಾನು ಬಾಯಿ ತೆರೆದರೆ ಉಳಿದವರೆಲ್ಲ ಒಂದೇ ಬಾಯಲ್ಲಿ ಯಾರ ಹೆಸರು ಹೇಳುತ್ತಾರೆ ಎಂದು ನಿನಗೆ ಗೊತ್ತು. ಅವರಿಗೆ ಮತ್ತೊಂದು ಕಡೆ ಕುರ್ಚಿ ಸಿಗುತ್ತದೆ. ನನ್ನಂಥವಳಿಗೆ ಒಂದು ಸಲ ಎದ್ದರೆ ಮತ್ತೆ ಇಲ್ಲ.

ತರಬೇತಿಗೆ ಹೋಗುವ ಮೊದಲು ನಿನ್ನ ಶಾಲೆಯ ಪುಸ್ತಕಕ್ಕೆ ನೀನೂ ಗೀಟು ಹಾಕಲಿಲ್ಲವಲ್ಲ.

ವರಲಕ್ಷ್ಮಿ


ಕಾಳಮ್ಮನದೊಡ್ಡಿ
4 ಏಪ್ರಿಲ್ 1998

ಶ್ರೀಮತಿ ವರಲಕ್ಷ್ಮಮ್ಮನವರಿಗೆ,

ತನಿಖೆಯ ಅಧಿಕಾರಿಗಳು ಬಂದು ಹೋದರು. ಪುಸ್ತಕದಲ್ಲಿ ಇದ್ದಂತೆಯೇ ಮಾಡಿದೆ ಎಂದು ಹನುಮಂತಯ್ಯನವರು ಪುಸ್ತಕ ತೆರೆದು ತೋರಿಸಿದರು. ಅಧಿಕಾರಿಗಳು ಪುಸ್ತಕ ಮುಚ್ಚಿಟ್ಟು, ಸ್ವಂತ ಬುದ್ಧಿ ಇರಲಿಲ್ಲವೇ ಎಂದು ಕೇಳಿದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅವರಿಗೆ ವರ್ಗವಾಗಿದೆ. ನನಗೆ ಎಚ್ಚರಿಕೆಯ ಪತ್ರ ಬಂದಿದೆ.

ಹೋಗುವ ಮುಂಚೆ ಅವರು ಪೆಟ್ಟಿಗೆಯನ್ನು ಬೀರುವಿಗೆ ಹಾಕಿದರು. ಸನಾವುಲ್ಲಾ ಸಾಬರ ಗಾಲಿ, ಬುಗುರಿಗಳನ್ನೂ ಜೊತೆಗೆ ಹಾಕಿ ಬೀಗ ಹಾಕಿದರು. ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, "ಮೊದ್ಲೇ ಇಂಗಿದ್ರೆ ಆಗ್ತಿತ್ತು ಕಣಮ್ಮ" ಅಂದರು.

ತಾವು ಕ್ಷೇಮವೆಂದು ಭಾವಿಸುತ್ತೇನೆ.

ಇಂತಿ
ಮಾಯಮ್ಮ, ಸಹಶಿಕ್ಷಕಿ


ಕನಕಪುರ
22 ಜೂನ್ 1998

ಮಾಯಿ,

ನೀನು ನನ್ನನ್ನು ತಾವು ಎಂದು ಕರೆದದ್ದು ನಾಟಿತು. ನಾಟಲೆಂದೇ ಬರೆದದ್ದು, ಗೊತ್ತು.

ತೀರ್ಮಾನ ಆಗಿದೆ. ಪೀರಿಯಡ್ಡು ಮೂವತ್ತು ಶಾಲೆಯಲ್ಲೂ ರದ್ದು. ಪುಸ್ತಕ ಉಳಿಯುತ್ತದೆ, ಆದರೆ ಮಾಡಿ ನೋಡಿ ಎಂಬ ಕಡೆಯೆಲ್ಲ ಚಿತ್ರ ಬಿಡಿಸಿ ಎಂದು ಬದಲಾಗುತ್ತದೆ. ನಿನ್ನ ಪಾಠದಲ್ಲಿ ಹುಳುವಿನ ಜೀವನಚಕ್ರದ ಬಣ್ಣದ ಚಿತ್ರ ಇರುತ್ತದೆ. ನಿನ್ನ ಹೆಸರನ್ನು ತೆಗೆಸಿದ್ದೇನೆ. ಅಷ್ಟಾದರೂ ಮಾಡಲು ಆಯಿತು.

ಆ ಸಾಲನ್ನು ಯಾಕೆ ತೆಗೆಸಿದೆ ಎಂದು ಹೇಳುತ್ತೇನೆ ಅಂದಿದ್ದೆ. ಹೊಂಗನೂರಿನ ನಿಮ್ಮ ಮನೆಯ ಜಗಲಿಯಲ್ಲಿ ನಾನು ಕೂತಿದ್ದೆ. ನೀನು ನೂರು ಸಲ ಒಳಗೆ ಹೊರಗೆ ಓಡಾಡಿದೆ. ಪಕ್ಕದ ಮನೆಯ ಹೆಂಗಸು ಬಂದಳು, ಸೀದಾ ಅಡುಗೆಮನೆಗೆ ಹೋದಳು. ಒಳಗೆ ಹುಳುವಿದೆ ಎಂದು ನಿಮ್ಮಮ್ಮ ನನಗೆ ಹೇಳಿದರು. ಮಧ್ಯಾಹ್ನ ಊಟವೂ ಜಗಲಿಗೇ ಬಂತು, ಎಲೆಯಲ್ಲಿ. ಎಲೆ ನಾನೇ ಎತ್ತಿದೆ. ನೀರು ಕೊಟ್ಟ ಲೋಟವನ್ನು ನಿಮ್ಮಮ್ಮ ಆಮೇಲೆ ಜಗಲಿಯ ಸಂದಿನಲ್ಲೇ ಬೋರಲು ಹಾಕಿದರು, ಒಳಗೆ ಒಯ್ಯಲಿಲ್ಲ. ಅಡುಗೆಮನೆಯಲ್ಲೂ ಹುಳು ಸಾಕುತ್ತಿದ್ದರೇ, ಮಾಯಿ? ನೀನು ಅದನ್ನು ಇವತ್ತಿಗೂ ತಮಾಷೆ ಮಾಡಿಕೊಂಡು ಬರೆಯುತ್ತೀಯ. ಕೆಂಪು ಮಸಿಯಲ್ಲಿ ಗೆರೆ ಎಳೆದ ನಿನ್ನ ಸಾಲು ನೋಡಿದಾಗ ನನಗೆ ಹುಳು ಕಾಣಲಿಲ್ಲ, ಆ ಲೋಟ ಕಂಡಿತು. ಇಂಥದ್ದನ್ನು ಮಕ್ಕಳು ಓದಬಾರದು ಎಂದು ಹೊಡೆದುಹಾಕಿದೆ.

ರೋಗ ನಿಜವಾಗಿಯೂ ಇತ್ತು ಎಂದು ಈಗ ಗೊತ್ತಾಯಿತು. ನೆಪವೂ ನಿಜವಾಗಿಯೇ ಇತ್ತು.

ವರಲಕ್ಷ್ಮಿ


ಕಾಳಮ್ಮನದೊಡ್ಡಿ
19 ಜುಲೈ 1998

ವರಲಕ್ಷ್ಮಿ,

ಇದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ಲೋಟದ ವಿಷಯ ನನಗೆ ಗೊತ್ತಿರಲಿಲ್ಲ. ನಾನು ನೋಡಲಿಲ್ಲ. ನೋಡದೆ ಇರುವುದು ನಮ್ಮಂಥವರಿಗೆ ಸುಲಭ ಎಂದು ನೀನು ಅನ್ನುತ್ತೀಯ, ಅನ್ನು. ಅಮ್ಮನನ್ನು ಕೇಳೋಣವೆಂದರೆ ಅಮ್ಮ ಹೋಗಿ ಆರು ವರ್ಷವಾಯಿತು. ನೀನು ಆವತ್ತು ಮಲ್ಲಿಗೆ ಮುಡಿದಿದ್ದೆ, ಹುಳುವಿಗೆ ವಾಸನೆ ಆಗದು, ಅದಕ್ಕೇ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಪಕ್ಕದ ಮನೆಯವಳು ಏನು ಮುಡಿದಿದ್ದಳೋ ನೆನಪಿಲ್ಲ. ನಿನ್ನ ಮಾತನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇಲ್ಲ. ತಪ್ಪಾಯಿತು ಎಂಬುದು ನಿನ್ನ ಮುಂದೆ ನಿಂತು ಹೇಳಬೇಕಾದ ಮಾತು, ಕಾಗದದಲ್ಲಿ ಬರುವುದಿಲ್ಲ.

ಆದರೆ ಸಿಟ್ಟು ನಮ್ಮಮ್ಮನ ಮೇಲಿತ್ತು, ನನ್ನ ಮೇಲಿತ್ತು. ಆವತ್ತೇ ಲೋಟವನ್ನು ನನ್ನ ಮುಖಕ್ಕೆ ಎಸೆಯಬೇಕಿತ್ತು. ಬೈರಮ್ಮನ ಹುಳು ನಿನಗೇನು ಮಾಡಿತ್ತು?

ಬೈರಮ್ಮ ಈ ಸಲ ಹುಳು ಇಟ್ಟಿಲ್ಲ. ತಟ್ಟೆಗಳನ್ನು ಅಟ್ಟಕ್ಕೆ ಹಾಕಿದ್ದಾಳೆ, ಸೊಪ್ಪನ್ನು ಬೇರೆಯವರಿಗೆ ಮಾರುತ್ತಾಳೆ. ದಾರಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಅನ್ನುತ್ತಾಳೆ, ನಿಲ್ಲುವುದಿಲ್ಲ. ಮಗಳನ್ನು ಶಾಲೆ ಬಿಡಿಸುತ್ತಾಳೋ ಎಂದು ಬೇಸಿಗೆಯೆಲ್ಲ ಹೆದರಿದ್ದೆ. ಬಿಡಿಸಲಿಲ್ಲ. ಪುಟ್ಟತಾಯಿ ಈಗ ಐದನೇ ತರಗತಿ. ಮೊದಲೆಲ್ಲ ತಲೆ ತಿನ್ನುವಷ್ಟು ಪ್ರಶ್ನೆ ಕೇಳುತ್ತಿದ್ದವಳು ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಾಳೆ. ಹೊಸ ಹೆಡ್ಮಾಸ್ಟರು ಅವಳನ್ನು ಬಹಳ ಶಿಸ್ತಿನ ಹುಡುಗಿ ಎಂದು ಹೊಗಳುತ್ತಾರೆ.

ನಿಮ್ಮ ಎರಡನೇ ಮುದ್ರಣ ಬಂತು. ಬಣ್ಣದ ಚಿತ್ರ ಚೆನ್ನಾಗಿದೆ. ನಿನ್ನೆ ಆ ಪುಟ ತೆಗೆಸಿ, ಬೆರಳಿಟ್ಟು ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಂದು ಓದಿಸಿ, ನೋಡಿಕೊಂಡು ಬಿಡಿಸಿ ಎಂದೆ. ಆಚೆ ಎಲ್ಲ ಕಡೆ ಹಿಪ್ಪುನೇರಳೆ ತೋಟ, ಒಳಗೆ ರೇಷ್ಮೆಯೂರಿನ ಮಕ್ಕಳು ಚಿತ್ರ ನೋಡಿಕೊಂಡು ಹುಳು ಬಿಡಿಸಿದವು. ಒಬ್ಬರಾದರೂ ಏನಾದರೂ ಕೇಳುತ್ತಾರೋ ಎಂದು ಕಾದೆ. ಪುಟ್ಟತಾಯಿ ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ್ದಳು. ಹತ್ತಕ್ಕೆ ಹತ್ತು ಹಾಕಿದೆ.

ಬೆಲ್ಲು ಹೊಡೆದ ಮೇಲೆ ನೋಡಿದರೆ ಬೋರಿಂಗಿನ ಹತ್ತಿರ ಒಬ್ಬಳೇ ನಿಂತು, ಒಂದು ಕೈಯಲ್ಲಿ ಹಿಡಿ ಒತ್ತುತ್ತಾ ಇನ್ನೊಂದು ಕೈ ಒಡ್ಡುತ್ತಾ, ಮಣ್ಣು ಹಾಕಿ ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದಳು. ಕೈಗೆ ಮಸಿಯೂ ಆಗಿರಲಿಲ್ಲ. ಏನೇ ಇದು ಅಂದೆ.

"ಬುಕ್ಕಲ್ಲಿರೋ ಹುಳ ಮುಟ್ಟಿದೀನಲ್ಲ ಮಿಸ್ಸೇ. ಮನೀಗ್ ಓಗ್ಬೇಕು."

 ಅವಳಿಗೆ ಏನು ಹೇಳಬೇಕೆಂದು ನಿನಗೆ ತಿಳಿದರೆ ಬರೆ. ನಾನು ಬೋರಿಂಗಿನ ಹಿಡಿ ಒತ್ತಿದೆ, ಅವಳು ಎರಡು ಕೈಯನ್ನೂ ತೊಳೆದುಕೊಂಡಳು.

ಮಾಯಮ್ಮ